ಕನ್ನಡದಲ್ಲಿ ಮಾಹಿತಿ ಪುಸ್ತಕ ಬರೆದು ನಾಲ್ಕು ಕಾಸು ನೋಡಬೇಕು: ಯಾವ ವಿಷಯ ಹಿಡಿಯಲಿ?

ಸೈಟ್ ಡೈರಿ, ಕೆಂಗೇರಿ

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಡಿಪ್ಲೊಮಾ ಮಾಡಿ, ಬೆಂಗಳೂರಿನಲ್ಲಿ ಮನೆ ಕಟ್ಟಿಸುವ ಕೆಲಸದಲ್ಲೇ ತಲೆ ಹಣ್ಣಾದವನು. ಈಗ ಸೈಟಿಗೆ ಹೋಗುವುದು ಕಡಿಮೆ ಮಾಡಿದ್ದೇನೆ. ಒಂದು ಪುಸ್ತಕ ಬರೆಯಬೇಕು ಅಂತ ಆಸೆ. ಕಥೆ, ಕಾದಂಬರಿ ನನ್ನ ಕೈಲಿ ಆಗುವುದಿಲ್ಲ. ಮಾಹಿತಿ ಪುಸ್ತಕ. ನೇರವಾಗಿ ಹೇಳಿಬಿಡುತ್ತೇನೆ, ಇದರಿಂದ ದುಡ್ಡು ಆಗಬೇಕು. ಲಕ್ಷಾಂತರ ಬೇಡ. ಹಾಕಿದ ಬಂಡವಾಳ ಬಂದು, ಮೇಲೆ ಒಂದಿಷ್ಟು ಉಳಿದರೆ ಸಾಕು.

ಮೂರು ವಿಷಯ ತಲೆಯಲ್ಲಿದೆ. ಮಧ್ಯಮ ವರ್ಗದವರ ಉಳಿತಾಯ ಮತ್ತು ಹೂಡಿಕೆ ಒಂದು. ಐವತ್ತು ದಾಟಿದವರ ಆರೋಗ್ಯ, ನೆಮ್ಮದಿ ಇನ್ನೊಂದು. ಮೂರನೆಯದು 30×40 ಸೈಟಿನಲ್ಲಿ ಮನೆ ಕಟ್ಟುವುದು. ನಮ್ಮ ಮನೆಯವರು ಮೊದಲನೆಯದು ಬರೆಯಿರಿ ಎನ್ನುತ್ತಾರೆ, ಅದನ್ನು ಜಾಸ್ತಿ ಜನ ಓದುತ್ತಾರಂತೆ. ಮಗಳು ಎರಡನೆಯದು ಅನ್ನುತ್ತಾಳೆ. ಮೂರನೆಯದು ಯಾರಿಗೂ ಇಷ್ಟವಿಲ್ಲ. "ಸಿಮೆಂಟು, ಜಲ್ಲಿ ಬಗ್ಗೆ ಯಾರು ದುಡ್ಡು ಕೊಟ್ಟು ಓದುತ್ತಾರೆ?" ಅಂತ ಕೇಳುತ್ತಾರೆ. ಇಲ್ಲಿ ಬರೆದವರು, ಅಚ್ಚು ಹಾಕಿಸಿದವರು, ಮಾರಿದವರು ಎಲ್ಲ ಇದ್ದೀರಿ. ಏನು ಹೇಳುತ್ತೀರಿ?

ಕಡ್ಡಿ ಮುರಿದಂಗೆ

ದುಡ್ಡು ಆಗಬೇಕು ಅಂದರೆ ಒಂದು ದರ್ಶಿನಿ ಹಾಕಿ ಸರ್. ಕನ್ನಡ ಪುಸ್ತಕ ಯಾಕೆ?

ಡಿಟಿಪಿ ಅಕ್ಕ, ಚಾಮರಾಜಪೇಟೆ

ದರ್ಶಿನಿ ಜಾಗಕ್ಕೆ ಅಡ್ವಾನ್ಸ್ ಎಷ್ಟು ಕೇಳುತ್ತಾರೆ ಅಂತ ವಿಚಾರಿಸಿದ್ದೀರಾ? ಅವರು ಕೇಳಿರುವುದು ನ್ಯಾಯವಾದ ಪ್ರಶ್ನೆ. ಗೊತ್ತಿರುವವರು ಉತ್ತರ ಹೇಳಲಿ.

ಅವೆನ್ಯೂ ರೋಡ್ ಹಳಬ

ಸರ್, ನಾನು ಪುಸ್ತಕದ ಅಂಗಡಿಯಲ್ಲಿ ಕೌಂಟರ್ ನೋಡಿಕೊಂಡವನು. ವಿಷಯ ತೀರ್ಮಾನ ಮಾಡುವ ಮೊದಲು ಒಂದು ಕೆಲಸ ಮಾಡಿ. ಗಾಂಧಿನಗರದ ಸಪ್ನಾಗೆ ಹೋಗಿ, ಅಲ್ಲಿಂದ ಗಾಂಧಿಬಜಾರಿನ ಅಂಕಿತಕ್ಕೆ ಹೋಗಿ. ಮುಖಪುಟ, ಬೆನ್ನುಡಿ ಬಿಟ್ಟುಬಿಡಿ. ಒಳಗೆ ಶೀರ್ಷಿಕೆ ಹಾಳೆಯ ಹಿಂಬದಿಯಲ್ಲಿ ಮುದ್ರಣದ ವಿವರ ಇರುತ್ತದಲ್ಲ, ಅದನ್ನು ಓದಿ. ಮೊದಲ ಮುದ್ರಣ ಯಾವ ವರ್ಷ, ಕೈಯಲ್ಲಿರುವುದು ಎಷ್ಟನೇ ಮುದ್ರಣ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮೊದಲ ಮುದ್ರಣ 2015, ಈಗ ಎಂಟನೆಯದು ಅಂತಿದ್ದರೆ ಆ ವಿಷಯಕ್ಕೆ ಗಿರಾಕಿ ಇದ್ದಾನೆ. 2015ರ ಮೊದಲ ಮುದ್ರಣವೇ ಇನ್ನೂ ಕಪಾಟಿನಲ್ಲಿ ಕೂತಿದ್ದರೆ, ಲೇಖಕರಿಗೆ ಎಷ್ಟೇ ಹೆಸರಿರಲಿ, ಆ ಕಡೆ ಹೋಗಬೇಡಿ. 'ಬೆಸ್ಟ್ ಸೆಲ್ಲರ್' ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು. ಮುದ್ರಣದ ಸಂಖ್ಯೆಯೇ ನಂಬಿಕೆಗೆ ಸ್ವಲ್ಪ ಹತ್ತಿರ. ಅದರಲ್ಲೂ ಕೆಲವರು ಇನ್ನೂರು, ಇನ್ನೂರು ಪ್ರತಿ ಹಾಕಿ ಮುದ್ರಣದ ಲೆಕ್ಕ ಏರಿಸುತ್ತಾರೆ, ಅದು ಬೇರೆ ಮಾತು.

ಉಳಿತಾಯ, ಹೂಡಿಕೆ ಕಪಾಟು ನೋಡಿ. ಇಂಗ್ಲಿಷಿನಿಂದ ಅನುವಾದ ಆದ ಪುಸ್ತಕಗಳೇ ಸಾಲಾಗಿ ನಿಂತಿರುತ್ತವೆ. ಅದರ ಪಕ್ಕದಲ್ಲಿ ನಿಮ್ಮ ಪುಸ್ತಕವನ್ನು ಓದುಗ ಯಾಕೆ ಎತ್ತಿಕೊಳ್ಳಬೇಕು? ನೀವು ಬ್ಯಾಂಕಿನಲ್ಲಿ ಇದ್ದವರಲ್ಲ, ಷೇರು ದಲ್ಲಾಳಿಯೂ ಅಲ್ಲ. ಆರೋಗ್ಯದ ಪುಸ್ತಕ ಅಂದರೆ ಜನ ಲೇಖಕರ ಹೆಸರಿನ ಹಿಂದೆ ಡಾಕ್ಟರ್ ಇದೆಯಾ ಅಂತ ಮೊದಲು ನೋಡುತ್ತಾರೆ. ಮನೆ ಕಟ್ಟುವುದರ ಬಗ್ಗೆ ಕೇಳಿಕೊಂಡು ಬಂದವರಿಗೆ ನಾನು ಕೊಡುತ್ತಿದ್ದದ್ದು ವಾಸ್ತು ಪುಸ್ತಕ, ಇಲ್ಲವೇ ಡಿಪ್ಲೊಮಾ ಪಠ್ಯ. ಎರಡೂ ಬೇಡ ಅಂತ ವಾಪಸ್ ಹೋದವರೇ ಹೆಚ್ಚು. ಅವರಿಗೆ ಏನು ಬೇಕಿತ್ತು ಅಂತ ಯೋಚನೆ ಮಾಡಿ.

ವಿಜಯನಗರ ಗೈಡ್

ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಗೈಡ್ ಬರೆಯುವವನು. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಟಿಇಟಿ. ಸಾಹಿತ್ಯದವರು ನಮ್ಮನ್ನು ಲೇಖಕರು ಅಂತ ಕರೆಯುವುದಿಲ್ಲ, ಇರಲಿ. ವಿಜಯನಗರ, ಚಂದ್ರಾ ಲೇಔಟ್ ಕಡೆ ಬಂದು ನೋಡಿ. ಕೋಚಿಂಗ್ ಸೆಂಟರ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲೂ ಕನ್ನಡ ಪುಸ್ತಕ ಮಾರಾಟ ಆಗುತ್ತದೆ.

ಯಾಕೆ ಆಗುತ್ತದೆ ಅಂದರೆ ನಮ್ಮ ಓದುಗನಿಗೆ ಒಂದು ತಾರೀಖು ಇದೆ. ಪರೀಕ್ಷೆಯ ತಾರೀಖು. ಅಷ್ಟರೊಳಗೆ ಅವನಿಗೆ ಪುಸ್ತಕ ಬೇಕೇ ಬೇಕು. ನೆಮ್ಮದಿ ಪುಸ್ತಕವನ್ನು ಈ ತಿಂಗಳು ಕೊಳ್ಳದಿದ್ದರೆ ಮುಂದಿನ ವರ್ಷ ಕೊಂಡರಾಯಿತು. ಮನೆ ಕಟ್ಟುವವನಿಗೂ ತಾರೀಖು ಇದೆ ನೋಡಿ: ಗುದ್ದಲಿ ಪೂಜೆ. ಲೋನ್ ಮಂಜೂರಾಗಿದೆ, ಬಾಡಿಗೆ ಮನೆ ಓನರ್ ಖಾಲಿ ಮಾಡಿ ಅಂತಿದ್ದಾರೆ, ಮೇಸ್ತ್ರಿ ಅಡ್ವಾನ್ಸ್ ಕೇಳುತ್ತಿದ್ದಾನೆ. ಅರ್ಧ ಕೋಟಿ ಖರ್ಚು ಮಾಡಲು ಹೊರಟವನು ಇನ್ನೂರು ರೂಪಾಯಿಗೆ ಚೌಕಾಸಿ ಮಾಡುವುದಿಲ್ಲ. ನಿಮ್ಮ ಮನೆಯವರಿಗೆ ಬೇಡವಾದ ಆ ಮೂರನೆಯದೇ ದುಡ್ಡಿನ ವಿಷಯ ಅಂತ ನನ್ನ ಅಭಿಪ್ರಾಯ.

ಕಡ್ಡಿ ಮುರಿದಂಗೆ

ಯೂಟ್ಯೂಬಿನಲ್ಲಿ ಕನ್ನಡದಲ್ಲೇ ರಾಶಿ ವಿಡಿಯೊ ಇದೆ. ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಅಂತ ಹುಡುಕಿ ನೋಡಿ. ಎಲ್ಲಾ ಬಿಟ್ಟಿ. ಪುಸ್ತಕ ಯಾರು ಕೊಳ್ಳುತ್ತಾರೆ?

ಮಾಗಡಿ ರೋಡ್ ಮನೆಯವಳು

ನಾನು ಕೊಳ್ಳುತ್ತೇನೆ. ನಾವು ಮಾಗಡಿ ರೋಡಿನಲ್ಲಿ ಮನೆ ಕಟ್ಟಿಸಿದೆವು. ಯಜಮಾನರಿಗೆ ಶಿಫ್ಟ್ ಕೆಲಸ, ಹಾಗಾಗಿ ಸೈಟಿನಲ್ಲಿ ನಿಂತವಳು ನಾನೇ. ವಿಡಿಯೊ ಬೇಕಾದಷ್ಟು ನೋಡಿದ್ದೆ. ಒಬ್ಬರು ಸಾಲಿಡ್ ಬ್ಲಾಕ್ ಚೆನ್ನ ಅಂದರು, ಇನ್ನೊಬ್ಬರು ಅದೇ ಮೋಸ ಅಂದರು. ಇಬ್ಬರೂ ಯಾವುದೋ ಕಂಪನಿಯ ಹೆಸರು ಹೇಳಿ ಮುಗಿಸಿದರು. ಬೆಳಗ್ಗೆ ಏಳು ಗಂಟೆಗೆ ಮೇಸ್ತ್ರಿ "ಮೇಡಂ, ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ) ಆಯ್ತು, ಈ ವಾರದ ದುಡ್ಡು ಕೊಡಿ" ಅಂತ ನಿಂತಾಗ ಯಾವ ವಿಡಿಯೊ ಹುಡುಕುವುದು? ಆ ಹಂತದಲ್ಲಿ ಏನು ಮುಗಿದಿರಬೇಕು, ನಾನು ಏನು ಮುಟ್ಟಿ ನೋಡಬೇಕು, ಎಷ್ಟು ಕೊಟ್ಟರೆ ನ್ಯಾಯ, ಎಷ್ಟು ಹಿಡಿದಿಟ್ಟುಕೊಳ್ಳಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುವ ಹಾಗೆ ಒಂದು ಪುಸ್ತಕ ಇದ್ದಿದ್ದರೆ ಐನೂರು ಕೊಟ್ಟಾದರೂ ತೆಗೆದುಕೊಳ್ಳುತ್ತಿದ್ದೆ.

ಕಾಂಕ್ರೀಟ್ ಯಾವ ಅಳತೆಯಲ್ಲಿ ಕಲಸಬೇಕು ಅಂತ ಮೇಸ್ತ್ರಿಗೆ ಗೊತ್ತು. ಅವನು ಹಾಗೆ ಕಲಸಿದನಾ ಅಂತ ನನಗೆ ಗೊತ್ತಾಗಬೇಕು. ಇವೆರಡೂ ಬೇರೆ ಬೇರೆ ಪುಸ್ತಕ, ಅಲ್ವಾ?

ಸೈಟ್ ಡೈರಿ, ಕೆಂಗೇರಿ

ಮೇಡಂ, ನಿಮ್ಮ ಕೊನೆಯ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಾನು ಬರೆಯಲು ಹೊರಟಿದ್ದು ನೀವು ಹೇಳಿದ ಎರಡರಲ್ಲಿ ಮೊದಲನೆಯದು, ಮೇಸ್ತ್ರಿಗೆ ಗೊತ್ತಿರುವ ಪುಸ್ತಕ. ಮಣ್ಣು ಪರೀಕ್ಷೆಯಿಂದ ಪೇಂಟ್ ತನಕ, ಒಂದು ನಾಲ್ಕುನೂರು ಪುಟ. ಈಗ ಅನ್ನಿಸುತ್ತಿದೆ, ಓದುವವರು ಎಂಜಿನಿಯರ್ ಅಲ್ಲ, ಲೇಬರ್ ಕಾಂಟ್ರಾಕ್ಟ್ ಕೊಟ್ಟು ಸೈಟಿನಲ್ಲಿ ನಿಂತಿರುವ ಮನೆ ಮಾಲೀಕರು. ದುಡ್ಡು ಕೊಡುವ ಮುಂಚೆ ಏನು ನೋಡಬೇಕು ಅನ್ನುವುದೇ ಪುಸ್ತಕ.

ವಿಜಯನಗರ ಗೈಡ್

ಸರಿಯಾಗಿ ಹಿಡಿದಿರಿ. ಈಗ ಎರಡನೇ ಮಾತು. ವಿಷಯದ ಆಯಸ್ಸು.

2024ರ ಜುಲೈ 1ರಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಕೂಡ ಅದೇ ದಿನ ಹೋದವು. ಗೋಡೌನಿನಲ್ಲಿದ್ದ ಹಳೆಯ ಕಾನೂನು ಗೈಡುಗಳು ಒಂದೇ ದಿನಕ್ಕೆ ರದ್ದಿ. ಹೊಸದನ್ನು ಮೊದಲು ತಂದವರು ದುಡ್ಡು ಮಾಡಿದರು ಅನ್ನುವುದೂ ನಿಜ. ಆದರೆ ಆ ಓಟಕ್ಕೆ ಹಿಂದೆ ತಂಡ ಇರಬೇಕು. ಒಬ್ಬರೇ ಬರೆಯುವವರಿಗೆ ಆಗುವ ಕೆಲಸವಲ್ಲ.

ಇನ್ನೊಂದು ಉದಾಹರಣೆ. 2025ರ ಜುಲೈನಲ್ಲಿ ನಮ್ಮ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆ ಯುಪಿಐ ವಹಿವಾಟು ನೋಡಿ ಜಿಎಸ್‌ಟಿ ನೋಟಿಸ್ ಬಂತಲ್ಲ. ಕ್ಯೂಆರ್ ಕೋಡ್ ತೆಗೆದು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಅನ್ನುವುದು ಎಷ್ಟೋ ಜನರಿಗೆ ಆಗಲೇ ಗೊತ್ತಾಗಿದ್ದು. ನನ್ನ ಗೆಳೆಯ ಒಬ್ಬ ಆ ಬಿಸಿಯಲ್ಲೇ ಕನ್ನಡದಲ್ಲಿ ಜಿಎಸ್‌ಟಿ ಪುಸ್ತಕ ಬರೆಯಲು ಕೂತ. ದರಗಳ ಪಟ್ಟಿಯೇ ಅರ್ಧ ಪುಸ್ತಕ. ಸೆಪ್ಟೆಂಬರ್ 22ಕ್ಕೆ ದರಗಳೇ ಬದಲಾದವು. ಅವನು ಅಂಗಡಿಯವರು ಲೆಕ್ಕದ ಪುಸ್ತಕ ಇಡುವುದು ಹೇಗೆ, ಬಿಲ್ ಜೋಡಿಸಿಡುವುದು ಹೇಗೆ ಅಂತ ಬರೆದಿದ್ದರೆ ಇವತ್ತಿಗೂ ಮಾರಾಟ ಆಗುತ್ತಿತ್ತು.

ಸರ್, ನಿಮ್ಮ ವಿಷಯದಲ್ಲೂ ಹಾಗೆ ಕೊಳೆಯುವ ಭಾಗ ಇದೆ. ಪ್ಲಾನ್ ಮಂಜೂರಾತಿ, ಖಾತೆ, ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಜಾಗ). 2025ರ ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ (ಮನೆ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದವರು ಕರೆಂಟ್ ಕನೆಕ್ಷನ್ನಿಗೆ ಪರದಾಡಿದ್ದು ಗೊತ್ತಲ್ಲ. ಇದನ್ನೆಲ್ಲ ಪುಸ್ತಕದ ಹೊಟ್ಟೆಗೆ ಹಾಕಬೇಡಿ.

ಸೈಟ್ ಡೈರಿ, ಕೆಂಗೇರಿ

ಜನ ಮೊದಲು ಕೇಳುವುದೇ ಅದನ್ನು. ಬಿಡುವುದು ಹೇಗೆ?

ವಿಜಯನಗರ ಗೈಡ್

ಬಿಡಬೇಡಿ, ಬೇರೆ ಮಾಡಿ. ಹದಿನಾರು ಪುಟದ ಒಂದು ಪುರವಣಿ, ಪುಸ್ತಕದ ಒಳಗೆ ಸಿಕ್ಕಿಸಿ. ನಿಯಮ ಬದಲಾದರೆ ಅದನ್ನಷ್ಟೇ ಮತ್ತೆ ಅಚ್ಚು ಹಾಕಿಸಿ. ನಮ್ಮಲ್ಲಿ ಪ್ರಚಲಿತ ಘಟನೆಗಳಿಗೆ ಹಾಗೇ ಮಾಡುತ್ತೇವೆ. ಸಿಮೆಂಟ್ ಚೀಲಕ್ಕೆ ಎಷ್ಟು, ಚದರಕ್ಕೆ ಎಷ್ಟು ಅನ್ನುವ ರೇಟುಗಳೂ ಅಲ್ಲಿಗೇ ಹೋಗಲಿ. ಮುಖ್ಯ ಪುಸ್ತಕದಲ್ಲಿ ಹತ್ತು ವರ್ಷ ಕಳೆದರೂ ಸುಳ್ಳಾಗದ ಸಂಗತಿಗಳು ಇರಲಿ.

ತುಮಕೂರಿನಿಂದ

ಬೆಂಗಳೂರಿನ ನಿಯಮ ಹೊರಗೆ ಹೋದರೆ ಇನ್ನೊಂದು ಲಾಭ ಇದೆ. ಪುಸ್ತಕ ನಮ್ಮೂರಲ್ಲೂ ಮಾರಾಟ ಆಗುತ್ತದೆ. ಹಾಸನ, ದಾವಣಗೆರೆ, ಹುಬ್ಬಳ್ಳಿಯಲ್ಲೂ ಮನೆ ಕಟ್ಟುತ್ತಾರೆ ಸರ್. ಬೆಂಗಳೂರಿನವರು ಇದನ್ನು ಮರೆಯುತ್ತಾರೆ. ಮನೆ ಕಟ್ಟಿಸುವವರಲ್ಲಿ ಕನ್ನಡ ಮಾತ್ರ ಓದುವವರು ನಮ್ಮ ಕಡೆಯೇ ಜಾಸ್ತಿ.

ಡಿಟಿಪಿ ಅಕ್ಕ, ಚಾಮರಾಜಪೇಟೆ

ಎಲ್ಲರೂ ವಿಷಯ, ವಿಷಯ ಅಂತಿದ್ದೀರಿ. ಲೆಕ್ಕ ಯಾರೂ ಹಾಕಲಿಲ್ಲ. ನಾನು ಹಾಕುತ್ತೇನೆ. ಅಂದಾಜು ಅಂಕಿ, ಪ್ರೆಸ್ಸಿನಿಂದ ಪ್ರೆಸ್ಸಿಗೆ ವ್ಯತ್ಯಾಸ ಆಗುತ್ತದೆ, ನಿಮ್ಮ ಕೊಟೇಶನ್ ತಂದು ಬದಲಾಯಿಸಿಕೊಳ್ಳಿ.

ಡೆಮಿ 1/8 ಅಳತೆ, 160 ಪುಟ, ಅಂದರೆ ಹದಿನಾರು ಪುಟಕ್ಕೊಂದರಂತೆ ಹತ್ತು ಫಾರಂ. 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ, ಒಳಗೆ ಕಪ್ಪು ಬಿಳುಪು. 500 ಪ್ರತಿ, ಪ್ರತಿಗೆ 70 ರೂಪಾಯಿ ಬಿತ್ತು ಅಂದುಕೊಳ್ಳಿ. 35,000. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು), ಕರಡು ತಿದ್ದುವುದು, ಮುಖಪುಟ, ಮತ್ತು ನಿಮ್ಮ ವಿಷಯಕ್ಕೆ ರೇಖಾಚಿತ್ರ ಬೇಕೇ ಬೇಕು, ಎಲ್ಲ ಸೇರಿ 25,000. ಒಟ್ಟು 60,000. ಮುಖಬೆಲೆ 200 ಇಟ್ಟಿರಿ. ಅಂಗಡಿಗೆ, ವಿತರಕರಿಗೆ ಶೇಕಡಾ 40 ಬಿಟ್ಟರೆ ನಿಮ್ಮ ಕೈಗೆ 120. ಐನೂರು ಪ್ರತಿಯೂ ಅಂಗಡಿಯಲ್ಲೇ ಹೋದರೆ ಬರುವುದು 60,000. ಹಾಕಿದ್ದು ಬಂತು, ಅಷ್ಟೇ. ನಿಮ್ಮ ವರ್ಷದ ದುಡಿಮೆಗೆ ಸೊನ್ನೆ.

ಪ್ರಕಾಶಕರಿಗೆ ಕೊಟ್ಟರೆ ಬಂಡವಾಳದ ಚಿಂತೆ ಇಲ್ಲ. ಶೇಕಡಾ 10 ಗೌರವಧನ ಅಂದರೆ ಪ್ರತಿಗೆ 20, ಐನೂರಕ್ಕೆ 10,000.

ಅವೆನ್ಯೂ ರೋಡ್ ಹಳಬ

ಅಕ್ಕ, ಗೌರವ ಪ್ರತಿ ಬಿಟ್ಟಿರಿ. ನೆಂಟರು, ಮುನ್ನುಡಿ ಬರೆದವರು, ಪತ್ರಿಕೆಗಳು ಅಂತ ನಲವತ್ತಾದರೂ ಹೋಗುತ್ತವೆ. ಅದರಲ್ಲಿ ನಾಲ್ಕು ಕಾನೂನಿನ ಪ್ರಕಾರವೇ ಕೊಡಬೇಕಾದದ್ದು. 1954ರ ಕಾಯ್ದೆಯಂತೆ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ.

ವಿಜಯನಗರ ಗೈಡ್

ಅಕ್ಕನ ಲೆಕ್ಕವನ್ನೇ ಮುಂದುವರಿಸುತ್ತೇನೆ. ನಲವತ್ತು ಹಾಗೇ ಹೋಯಿತು, ಉಳಿದದ್ದು 460. ಅದರಲ್ಲಿ 200 ಪ್ರತಿ ನೀವೇ ನೇರವಾಗಿ ಮುಖಬೆಲೆಗೆ ಮಾರಿದಿರಿ: 40,000. ಬಾಕಿ 260 ಅಂಗಡಿ ಮೂಲಕ: 31,200. ಒಟ್ಟು 71,200, ಉಳಿದದ್ದು 11,200. ಹಿಗ್ಗುವ ಹಾಗೇನೂ ಇಲ್ಲ.

ಈಗ ಅದೇ ಪುಸ್ತಕ ಎರಡನೇ ಮುದ್ರಣ. ಡಿಟಿಪಿ ಇಲ್ಲ, ಚಿತ್ರ ಇಲ್ಲ, ಬಿಟ್ಟಿ ಪ್ರತಿ ಇಲ್ಲ. ಖರ್ಚು 35,000 ಮಾತ್ರ. 200 ನೇರ, 300 ಅಂಗಡಿ: 76,000. ಉಳಿದದ್ದು 41,000. ನೋಡಿದಿರಾ? ಕನ್ನಡದ ಮಾಹಿತಿ ಪುಸ್ತಕದಲ್ಲಿ ದುಡ್ಡು ಇರುವುದು ಎರಡನೇ ಮುದ್ರಣದಿಂದ ಆಚೆಗೆ. ಹಾಗಾಗಿ ವಿಷಯ ಆರಿಸುವಾಗ ನಾನು ಕೇಳಿಕೊಳ್ಳುವುದು ಇಷ್ಟು: ಎರಡನೇ ಮುದ್ರಣದ ಹೊತ್ತಿಗೆ ಇದು ಜೀವಂತ ಇರುತ್ತದಾ? ಮತ್ತೆ ಆ ಇನ್ನೂರು ಜನರನ್ನು ನಾನು ನೇರವಾಗಿ ಮುಟ್ಟಬಲ್ಲೆನಾ? ಎರಡಕ್ಕೂ ಹೌದು ಅಂತ ಬಂದರೆ ಬರೆಯುತ್ತೇನೆ. ಎಷ್ಟು ಜನ ಆಸಕ್ತರು ಇದ್ದಾರೆ ಅನ್ನುವುದು ಆಮೇಲಿನ ಮಾತು.

ಕಡ್ಡಿ ಮುರಿದಂಗೆ

ಲೆಕ್ಕ ಚೆನ್ನಾಗಿದೆ. ಆದರೆ ಎಲ್ಲರೂ ಹೀಗೇ ಗೀಚಿ ಲೆಕ್ಕ ಹಾಕಿ ವಿಷಯ ಆರಿಸಿದರೆ ಕನ್ನಡದಲ್ಲಿ ಗೈಡು, ಅಡುಗೆ, ವಾಸ್ತು ಬಿಟ್ಟು ಏನೂ ಬರುವುದಿಲ್ಲ. ಬಿ.ಜಿ.ಎಲ್. ಸ್ವಾಮಿ ಲೆಕ್ಕ ಹಾಕಿ ಗಿಡಮರದ ಬಗ್ಗೆ ಬರೆದರಾ?

ಡಿಟಿಪಿ ಅಕ್ಕ, ಚಾಮರಾಜಪೇಟೆ

ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ತಿಂಗಳ ಸಂಬಳ ಬರುತ್ತಿತ್ತು. ಜೊತೆಗೆ, ತಾವು ಜೀವಮಾನವಿಡೀ ಕೈಯಾಡಿಸಿದ ವಿಷಯವನ್ನೇ ಬರೆದರು. ಕೆಂಗೇರಿ ಸರ್ ಕೂಡ ಅದನ್ನೇ ಮಾಡುತ್ತಿರುವುದು. ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಬೇರೆ ಚರ್ಚೆ ಶುರು ಮಾಡಿ.

ಸೈಟ್ ಡೈರಿ, ಕೆಂಗೇರಿ

ರಾತ್ರಿ ಕೂತು ಪರಿವಿಡಿ ಹಾಕಿದೆ. ನೋಡಿ ಹೇಳಿ. ವಸ್ತುವಿನ ಪ್ರಕಾರ, ಅಂದರೆ ಸಿಮೆಂಟ್ ಒಂದು ಅಧ್ಯಾಯ, ಸ್ಟೀಲ್ ಒಂದು ಅಧ್ಯಾಯ ಅಂತ ಮಾಡಿಲ್ಲ. ಮೇಸ್ತ್ರಿ ದುಡ್ಡು ಕೇಳುವ ಹಂತಗಳ ಪ್ರಕಾರ ಮಾಡಿದ್ದೇನೆ. ಕರಾರು ಬರೆಸುವುದು, ಅಗೆತ ಮತ್ತು ಪಾಯ, ಸಂಪು, ಪ್ಲಿಂತ್ (ನೆಲಮಟ್ಟದ ಕಟ್ಟು), ಲಿಂಟಲ್ ಮತ್ತು ಸಜ್ಜೆ, ಮೋಲ್ಡ್ (ತಾರಸಿ ಹಾಕುವುದು), ಪ್ಲಾಸ್ಟರಿಂಗ್, ಪ್ಲಂಬಿಂಗ್ ಮತ್ತು ವೈರಿಂಗ್, ಟೈಲ್ಸ್, ಕೊನೆಯ ಬಿಲ್ಲು. ಪ್ರತಿ ಹಂತಕ್ಕೂ ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ 'ದುಡ್ಡು ಕೊಡುವ ಮುಂಚೆ ನೋಡಿ' ಅಂತ ಟಿಕ್ ಹಾಕುವ ಪಟ್ಟಿ.

ಮಾದರಿಗೆ ಮೋಲ್ಡ್ ಅಧ್ಯಾಯದಿಂದ ಒಂದಿಷ್ಟು: 'ಸೆಂಟ್ರಿಂಗ್ (ತಾರಸಿ ಗಟ್ಟಿಯಾಗುವ ತನಕ ಕೆಳಗೆ ಕೊಡುವ ಆಸರೆ) ಬಿಚ್ಚಲು ಅವಸರ ಮಾಡುತ್ತಾರೆ, ಯಾಕೆಂದರೆ ಆ ಹಲಗೆ, ಜಾಕಿ ಬೇರೆ ಸೈಟಿಗೆ ಹೋಗಬೇಕು. ಸ್ಲ್ಯಾಬ್ ಹರವು, ಅಂದರೆ ಅದನ್ನು ಹೊತ್ತ ಗೋಡೆಗಳ ನಡುವಿನ ಅಂತರ, ನಾಲ್ಕೂವರೆ ಮೀಟರಿನ ಒಳಗಿದ್ದರೆ ಕೆಳಗಿನ ಆಸರೆ ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಹೆಚ್ಚಿದ್ದರೆ 14 ದಿನ. ಸಿಮೆಂಟ್ ಚೀಲದ ಮೇಲೆ ಓಪಿಸಿ ಅಂತಿದ್ದರೆ ನೀರುಣಿಸುವುದು ಕನಿಷ್ಠ 7 ದಿನ, ಪಿಪಿಸಿ ಅಂತಿದ್ದರೆ 10 ದಿನ. ಚೀಲ ನೀವೇ ಓದಿ. ಎಂ20 ದರ್ಜೆಯ ಕಾಂಕ್ರೀಟಿಗೆ 50 ಕೆಜಿ ಸಿಮೆಂಟ್ ಚೀಲಕ್ಕೆ 30 ಲೀಟರಿಗಿಂತ ಜಾಸ್ತಿ ನೀರು ಬೀಳಬಾರದು. ಕೊಡ ಎಷ್ಟು ಲೀಟರಿನದು ಅಂತ ಬೆಳಗ್ಗೆಯೇ ಅಳೆದಿಟ್ಟುಕೊಳ್ಳಿ, ಆಮೇಲೆ ಕೊಡ ಎಣಿಸಿದರೆ ಸಾಕು.'

ಈ ಅಂಕಿಗಳು ಐಎಸ್ 456ರವು, ಅಂದರೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಕಾಂಕ್ರೀಟ್ ಕೆಲಸಕ್ಕೆ ಬರೆದ ಕೋಡ್. ಆ ಕೋಷ್ಟಕಗಳನ್ನು ಹಾಗೇ ಪುಸ್ತಕಕ್ಕೆ ಹಾಕಬಹುದಾ?

ವಿಜಯನಗರ ಗೈಡ್

ಕೋಷ್ಟಕವನ್ನು ಹಾಗೇ ಎತ್ತಬೇಡಿ, ಅದರ ಹಕ್ಕು ಬಿಐಎಸ್‌ನದು. 7 ದಿನ, 14 ದಿನ ಅನ್ನುವ ಸಂಗತಿಗೆ ಯಾರದೂ ಹಕ್ಕು ಇಲ್ಲ. ಈಗ ಬರೆದಿರುವ ಹಾಗೆ ನಿಮ್ಮ ಮಾತಿನಲ್ಲಿ ಬರೆಯಿರಿ, ಯಾವ ಕೋಡ್ ಅಂತ ಹೆಸರು ಹೇಳಿ. ನಿಮ್ಮ ಬರಹಕ್ಕೆ ಕೂಡ ಕಾಪಿರೈಟ್ ತಾನಾಗಿಯೇ ಇರುತ್ತದೆ, ನೋಂದಣಿ ಮಾಡಿಸಲೇಬೇಕು ಅಂತಿಲ್ಲ. 1957ರ ಕಾಯ್ದೆ ಪ್ರಕಾರ ನಿಮ್ಮ ನಂತರ 60 ವರ್ಷ ಮಕ್ಕಳಿಗೆ ಹೋಗುತ್ತದೆ. ಗಿರಾಕಿಗಳ ಮನೆ ಫೋಟೊ ಹಾಕುವುದಾದರೆ ಅವರನ್ನು ಕೇಳಿ ಹಾಕಿ.

ಮಾಗಡಿ ರೋಡ್ ಮನೆಯವಳು

ಕೊಡ ಎಣಿಸುವ ಮಾತು ಒಂದಕ್ಕೇ ಪುಸ್ತಕದ ದುಡ್ಡು ಬಂತು. ಹೀಗೇ ಬರೆಯಿರಿ ಸರ್. ಮತ್ತೆ ದಯವಿಟ್ಟು ಅಕ್ಷರ ದೊಡ್ಡದಿರಲಿ, ಸೈಟಿನಲ್ಲಿ ಬಿಸಿಲಿಗೆ ಏನೂ ಕಾಣುವುದಿಲ್ಲ.

ತುಮಕೂರಿನಿಂದ

ವಾಸ್ತು ಎಲ್ಲಿ? ವಾಸ್ತು ಇಲ್ಲದ ಮನೆ ಪುಸ್ತಕವನ್ನು ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ.

ಕಡ್ಡಿ ಮುರಿದಂಗೆ

ಬಂತಪ್ಪ. ಇದಕ್ಕೇ ಕಾಯುತ್ತಿದ್ದೆ.

ಸೈಟ್ ಡೈರಿ, ಕೆಂಗೇರಿ

ವಾಸ್ತು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಆದರೆ ಒಂದು ಪುಟ ಕೊಡುತ್ತೇನೆ. 'ವಾಸ್ತು ನೋಡುವುದಾದರೆ ಪ್ಲಾನ್ ಹಂತದಲ್ಲೇ ನೋಡಿಸಿ. ಲಿಂಟಲ್ ಆದ ಮೇಲೆ ನಿಮ್ಮ ಸೋದರಮಾವ ಬಂದು ಬಾಗಿಲು ಈ ಕಡೆ ಇರಬಾರದು ಅಂದರೆ ಒಡೆಸುವ ಖರ್ಚು ನಿಮ್ಮದೇ.' ಎಷ್ಟು ಮನೆಯಲ್ಲಿ ಗೋಡೆ ಒಡೆಸಿದ್ದೇನೆ ಅಂತ ಲೆಕ್ಕವಿಲ್ಲ.

ಅವೆನ್ಯೂ ರೋಡ್ ಹಳಬ

ಪರಿವಿಡಿಯಲ್ಲಿ ವಾಸ್ತು ಅನ್ನುವ ಪದ ಒಂದು ಕಡೆ ಕಂಡರೆ ಸಾಕು, ಗಿರಾಕಿ ಪುಸ್ತಕ ಕೆಳಗಿಡುವುದಿಲ್ಲ. ಅನುಭವದ ಮಾತು.

ಬ್ಲಾಕ್ ಜಲ್ಲಿ ಸ್ಟೀಲ್, ನಾಗರಬಾವಿ

ಗೆಳೆಯರು ಲಿಂಕ್ ಕಳಿಸಿದ್ದರು, ಹಾಗಾಗಿ ಬಂದೆ. ನಮ್ಮದು ಕಟ್ಟಡ ಸಾಮಗ್ರಿ ಅಂಗಡಿ. ಹೊಸದಾಗಿ ಮನೆ ಶುರು ಮಾಡುವವರು ಪುಸ್ತಕದ ಅಂಗಡಿಗೆ ಹೋಗುವ ಮೊದಲು ನಮ್ಮಲ್ಲಿಗೆ ಬರುತ್ತಾರೆ. ಕೌಂಟರಿನಲ್ಲಿ ಇಡಲು ನನಗೆ ಅಭ್ಯಂತರವಿಲ್ಲ. ದೊಡ್ಡ ಆರ್ಡರ್ ಕೊಟ್ಟವರಿಗೆ ನಾನೇ ಕೊಂಡು ಉಡುಗೊರೆ ಕೊಡಬಹುದು, ಕ್ಯಾಲೆಂಡರ್ ಬದಲು. ನೂರು ಪ್ರತಿ ಒಟ್ಟಿಗೆ ತಗೊಂಡರೆ ಎಷ್ಟು ಬಿಡುತ್ತೀರಿ? ಹಿಂದಿನ ಪುಟಗಳಲ್ಲಿ ಸಿಮೆಂಟ್, ಸ್ಟೀಲ್ ಕಂಪನಿಗಳ ಜಾಹೀರಾತು ಹಾಕಿದರೆ ಅಚ್ಚಿನ ಖರ್ಚು ಅಲ್ಲೇ ಹುಟ್ಟುತ್ತದೆ, ಅದನ್ನೂ ಮಾತಾಡಿಸಿ ಕೊಡುತ್ತೇನೆ.

ಮಾಗಡಿ ರೋಡ್ ಮನೆಯವಳು

ಜಾಹೀರಾತು ಹಾಕಿದರೆ ನಾನು ನಂಬುವುದಿಲ್ಲ. ವಿಡಿಯೊಗಳಿಗೆ ಬೈದಿದ್ದೇ ಅದಕ್ಕೆ.

ಡಿಟಿಪಿ ಅಕ್ಕ, ಚಾಮರಾಜಪೇಟೆ

ನಂಬಿಕೆ ಹಾಗಿರಲಿ, ಅಂಚೆಗೂ ತೊಂದರೆ. ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತಲ್ಲ, ಆಗ ಕನ್ನಡದ ಸಣ್ಣ ಪ್ರಕಾಶಕರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ 100, ತೆರಿಗೆ ಬೇರೆ. ಎಲ್ಲಿಗೆ ತಲುಪಿತು ಅಂತ ಟ್ರ್ಯಾಕ್ ಕೂಡ ಮಾಡಬಹುದು. ಆದರೆ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಮಾತ್ರ. ಒಳಗೆ ವ್ಯಾಪಾರದ ಜಾಹೀರಾತು ಇದ್ದರೆ ಆಗುವುದಿಲ್ಲ. ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದ ಮೇಲೆ ಇರಬೇಕು. ನೀವು ಇನ್ನೂರು ಪ್ರತಿ ನೇರವಾಗಿ ಮಾರುವುದಾದರೆ ಹೆಚ್ಚಿನದು ಅಂಚೆಯಲ್ಲೇ ಹೋಗುವುದು. ಈ ಪುಸ್ತಕ ಶೈಕ್ಷಣಿಕ ಅಂತ ತೆಗೆದುಕೊಳ್ಳುತ್ತಾರಾ ಅಂತ ಒಂದು ಪ್ರತಿ ಹಿಡಿದು ನಿಮ್ಮ ಅಂಚೆ ಕಚೇರಿಯಲ್ಲಿ ಮೊದಲೇ ತೋರಿಸಿ.

ತೂಕದ ಲೆಕ್ಕವನ್ನೂ ಈಗಲೇ ಮಾಡಿ. 160 ಪುಟದ ಡೆಮಿ ಪುಸ್ತಕ 70 ಜಿಎಸ್‌ಎಂನಲ್ಲಿ ಇನ್ನೂರು ಗ್ರಾಂ ಒಳಗೇ ಇರುತ್ತದೆ. ಕವರ್, ರಟ್ಟು ಸೇರಿಸಿದರೂ 300 ದಾಟುವುದಿಲ್ಲ. ನಿಮ್ಮ ನಾಲ್ಕುನೂರು ಪುಟದ ಪುಸ್ತಕ ಆಗಿದ್ದರೆ ತೂಕವೂ ಜಾಸ್ತಿ, ಬೆಲೆಯೂ ಜಾಸ್ತಿ, ವ್ಯಾನಿಟಿ ಬ್ಯಾಗಿನಲ್ಲೂ ಹಿಡಿಯುತ್ತಿರಲಿಲ್ಲ.

ಇನ್ನು ಟೈಪಿಂಗ್. ದಯವಿಟ್ಟು ಮೊದಲಿಂದಲೇ ಯೂನಿಕೋಡಿನಲ್ಲಿ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿ ಆಮೇಲೆ ಬದಲಾಯಿಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. 'ಕಾರ್ಪೆಂಟರ್' ಹುಡುಕಿ ಹುಡುಕಿ ನನ್ನ ಕಣ್ಣು ಹೋಗಿದೆ.

ಬ್ಲಾಕ್ ಜಲ್ಲಿ ಸ್ಟೀಲ್, ನಾಗರಬಾವಿ

ಸರಿ, ಜಾಹೀರಾತು ಬೇಡ. ನೂರು ಪ್ರತಿಯ ಮಾತು ಹಾಗೇ ಇರಲಿ.

ವಿಜಯನಗರ ಗೈಡ್

ಸರ್, ನೂರು ಪ್ರತಿ ಒಬ್ಬರೇ ತಗೊಂಡರೆ ಶೇಕಡಾ 30 ಬಿಡಿ, ಆದರೆ ಹಣ ಮೊದಲು. ಪ್ರತಿಗೆ 140 ಬರುತ್ತದೆ, ಪುಸ್ತಕದ ಅಂಗಡಿಗಿಂತ ವಾಸಿ. ಇಂಥ ಅಂಗಡಿ ಇನ್ನೂ ಎರಡು ಸಿಕ್ಕರೆ ಮೊದಲ ಮುದ್ರಣದ ಅರ್ಧಕ್ಕಿಂತ ಹೆಚ್ಚು ಅಚ್ಚಾಗುವ ಮೊದಲೇ ಮುಗಿಯಿತು. ವಿಷಯ ಸರಿ ಇದೆಯಾ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ. ಫೇಸ್‌ಬುಕ್ಕಿನಲ್ಲಿ 'ಸೂಪರ್ ಸರ್, ಬರೀರಿ' ಅಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ರಕಟಣೆಗೆ ಮುಂಚೆ 150 ರೂಪಾಯಿಗೆ ಅಂತ ರಿಯಾಯಿತಿ ಇಟ್ಟು, ದುಡ್ಡು ಹಾಕಿದವರನ್ನು ಎಣಿಸಿ.

ಗ್ರಂಥಾಲಯದ ಸಗಟು ಖರೀದಿಗೆ ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಅದನ್ನು ಲೆಕ್ಕದ ಒಳಗೆ ಸೇರಿಸಬೇಡಿ.

ಅವೆನ್ಯೂ ರೋಡ್ ಹಳಬ

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತು ಸಂಖ್ಯೆಗೆ) ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಉಚಿತವಾಗಿ ಸಿಗುತ್ತದೆ, ಆನ್‌ಲೈನಿನಲ್ಲೇ ಅರ್ಜಿ. 'ನಿಮ್ಮ ಪುಸ್ತಕ ನಾವು ಪ್ರಕಟಿಸುತ್ತೇವೆ, ಇಷ್ಟು ಪ್ಯಾಕೇಜ್' ಅನ್ನುವವರ ಬಳಿ ಹೋಗುವ ಮೊದಲು, ಪ್ರತಿಗಳು ಯಾರ ಮನೆಯಲ್ಲಿ ಇರುತ್ತವೆ ಅಂತ ಕೇಳಿ. ಎಷ್ಟೋ ಸಲ ಎಲ್ಲವೂ ಲೇಖಕರ ಮಂಚದ ಕೆಳಗೇ.

ತುಮಕೂರಿನಿಂದ

ಇ-ಬುಕ್ ಮಾಡುತ್ತೀರಾ?

ಡಿಟಿಪಿ ಅಕ್ಕ, ಚಾಮರಾಜಪೇಟೆ

ಆಮೇಲೆ ಮಾಡಲಿ. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ತಂದಾಗ ಕನ್ನಡ ಅದರಲ್ಲಿ ಇರಲಿಲ್ಲ, ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಗೂಗಲ್ ಪ್ಲೇ ಇದೆ, ನಮ್ಮದೇ ಮೈಲ್ಯಾಂಗ್ ಇದೆ. ಆದರೆ ಟಿಕ್ ಹಾಕುವ ಪಟ್ಟಿಯ ಪುಸ್ತಕಕ್ಕೆ ಕಾಗದವೇ ಸರಿ. ಸಿಮೆಂಟ್ ಕೈಯಲ್ಲಿ ಫೋನ್ ಮುಟ್ಟುವುದಕ್ಕಿಂತ ಪೆನ್ಸಿಲ್ ಹಿಡಿಯುವುದು ಸುಲಭ.

ಸೈಟ್ ಡೈರಿ, ಕೆಂಗೇರಿ

ತೀರ್ಮಾನ ಹೇಳುತ್ತೇನೆ. 160 ಪುಟ, ಹಂತದ ಪ್ರಕಾರ, ಜಾಹೀರಾತು ಇಲ್ಲ, ನಿಯಮ ಮತ್ತು ರೇಟು ಬೇರೆ ಪುರವಣಿ. ಪೂರ್ತಿ ಬರೆಯುವ ಮೊದಲು ಮೋಲ್ಡ್ ಅಧ್ಯಾಯ ಒಂದನ್ನೇ ಹದಿನಾರು ಪುಟ ಮಾಡಿ, ಜೆರಾಕ್ಸ್ ಹಾಕಿಸಿ ನಾಗರಬಾವಿ ಅಂಗಡಿಯಲ್ಲಿ ಇಡುತ್ತೇನೆ. ಹತ್ತು ರೂಪಾಯಿ ಬೆಲೆ. ಬಿಟ್ಟಿ ಕೊಟ್ಟರೆ ಯಾರು ಓದಿದರು ಅಂತ ಗೊತ್ತಾಗುವುದಿಲ್ಲ. ಕೊನೆಯ ಪುಟದಲ್ಲಿ 'ಇಡೀ ಪುಸ್ತಕ ಬೇಕಾದವರು ಹೆಸರು ಬರೆಸಿ' ಅಂತ ಹಾಕುತ್ತೇನೆ. ದೀಪಾವಳಿ ಕಳೆದು ಕೆಲಸ ಶುರು ಮಾಡುವವರು ಜಾಸ್ತಿ, ಅಷ್ಟರಲ್ಲಿ ಪುಸ್ತಕ ಕೈಗೆ ಬರಬೇಕು. ಮಳೆನೀರು ಕೊಯ್ಲಿಗೂ ಒಂದು ಅಧ್ಯಾಯ ಸೇರಿಸುತ್ತೇನೆ. ಬೆಂಗಳೂರಿನಲ್ಲಿ 30×40ರ ಹೊಸ ಮನೆಗೆ ಅದು ಕಡ್ಡಾಯ, ಆದರೂ ಪೈಪ್ ಒಂದನ್ನು ಗೋಡೆಗೆ ಅಂಟಿಸಿ ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು. ಜಯನಗರ 5ನೇ ಬ್ಲಾಕಿನ ಮಳೆನೀರು ಪಾರ್ಕಿಗೆ ಹೋಗಿ ಚಿತ್ರಗಳಿಗೆ ನೋಟ್ಸ್ ಮಾಡಿಕೊಂಡು ಬರುತ್ತೇನೆ.

ಹೆಸರು ಇನ್ನೂ ಹೊಳೆದಿಲ್ಲ. 'ಮನೆ ಕಟ್ಟಿ ನೋಡು' ಅಂತ ಇಡೋಣ ಅಂದರೆ ಮಗಳು ಎಲ್ಲರೂ ಇದನ್ನೇ ಇಡುತ್ತಾರೆ ಅನ್ನುತ್ತಾಳೆ.

ಅವೆನ್ಯೂ ರೋಡ್ ಹಳಬ

'ಮೇಸ್ತ್ರಿಗೆ ದುಡ್ಡು ಕೊಡುವ ಮುಂಚೆ' ಅಂತಲೇ ಇಡಿ. ಅಂಗಡಿಯಲ್ಲಿ ನಿಂತವನಿಗೆ ತಕ್ಷಣ ಗೊತ್ತಾಗಬೇಕು.

ಕಡ್ಡಿ ಮುರಿದಂಗೆ

ಮೇಸ್ತ್ರಿಗಳ ಸಂಘದವರು ಬಂದು ಕೇಳಿದರೆ?

ಸೈಟ್ ಡೈರಿ, ಕೆಂಗೇರಿ

ನನ್ನ ಮೇಸ್ತ್ರಿಗೇ ಮೊದಲು ಓದಿಸುತ್ತೇನೆ. ಒಳ್ಳೆಯ ಮೇಸ್ತ್ರಿಗೆ ಇದರಿಂದ ಲಾಭವೇ. ಕೆಲಸ ಸರಿ ಇದ್ದರೆ ದುಡ್ಡು ತಡ ಮಾಡಬೇಡಿ ಅಂತಲೂ ಬರೆಯುತ್ತೇನೆ.

ತುಮಕೂರಿನಿಂದ

ಸರ್, ಸಂಪಿನ ಅಧ್ಯಾಯ ಬರೆದು ಆಗಿದೆಯಾ? ನಮ್ಮದು ಈ ತಿಂಗಳೇ ಅಗೆತ ಶುರು.

ಸೈಟ್ ಡೈರಿ, ಕೆಂಗೇರಿ

ಕರಡು ಇದೆ. ಮೆಸೇಜ್ ಮಾಡಿ, ಕಳಿಸುತ್ತೇನೆ. ಎಲ್ಲಿ ಅರ್ಥ ಆಗಲಿಲ್ಲ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ಫೋಟೊ ತೆಗೆದು ವಾಪಸ್ ಕಳಿಸಿ.